ರಕ್ತ ಕೊಡಲು ಎದ್ದುಹೋದವಳು ಮತ್ತು ನಿಮ್ಮ ಪ್ರಾರ್ಥನಾ ದಿನ

ಮಾನ್ಯ ಕುಲಪತಿಗಳೇ,

ಪ್ರಾರ್ಥನೆಯ ನಡುವೆ ಎದ್ದುಹೋಗಿ ರಕ್ತ ಕೊಟ್ಟ ಅಪರಾಧಕ್ಕಾಗಿ ನನ್ನ ಮಗಳು ರೂಪಾಲಿಯನ್ನು ತಾವು ಹಾಸ್ಟೆಲ್‌ನಿಂದ ಹೊರಹಾಕಿದ್ದೀರಿ. ತಮ್ಮ ಕೋಣೆಯಲ್ಲಿ ಕೊಟ್ಟ ಸಮಜಾಯಿಷಿ ನನಗೆ ಸಾಲಲಿಲ್ಲ. ಆದ್ದರಿಂದ ಊರೆಲ್ಲ ಓದುವಂತೆ ಬರೆಯುತ್ತಿದ್ದೇನೆ.

ತಮ್ಮದು ಕ್ರೈಸ್ತ ವಿಶ್ವವಿದ್ಯಾಲಯ; ನಾವು ದಿಗ್ಗೇವಾಡಿಯ ಜೈನ ರೈತರು. ವರ್ಷಕ್ಕೊಮ್ಮೆ ಪಾಠ ನಿಲ್ಲಿಸಿ ಇಡೀ ದಿನ ಎಲ್ಲರೂ ಕೂಡಿ ಪ್ರಾರ್ಥಿಸುತ್ತೀರೆಂದು ಪ್ರವೇಶದ ವೇಳೆಗೇ ಹೇಳಿದ್ದಿರಿ. ನಮ್ಮ ತಕರಾರಿರಲಿಲ್ಲ. ದೇವರ ಹೆಸರಿನಲ್ಲಿ ಒಂದು ದಿನ ಸುಮ್ಮನೆ ಕೂತರೆ ಯಾರ ಧರ್ಮವೂ ಕೆಡುವುದಿಲ್ಲ. ಹೋದ ವರ್ಷ ರೂಪಾಲಿಯೂ ಕೂತಿದ್ದಳು.

ಈ ಸಲ ಹಿಂದಿನ ಸಂಜೆ, ಹಾಸ್ಟೆಲ್‌ನಲ್ಲಿ ಅಡುಗೆ ಮಾಡುವ ಸುಂದರಾ ತನ್ನೂರು ಅಂಕಲಿಯಲ್ಲಿ ಬಸ್ಸಿನಿಂದ ಇಳಿಯುವಾಗ ಬಿದ್ದಳು. ಗಾಲಿ ತೊಡೆಯ ಮೇಲೆ ಹಾಯಿತು. ಚಿಕ್ಕೋಡಿಯ ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆಗೆ ರಕ್ತ ಸಿಗಲಿಲ್ಲ. ಮರುದಿನ ತಮ್ಮ ಸಭಾಂಗಣದ ಮೈಕಿನಲ್ಲಿ ಕೋರಿಕೆ ಬಂತು: ‘ನಮ್ಮ ಸಹೋದರಿ ಸುಂದರಾಳಿಗೆ ಓ ನೆಗೆಟಿವ್ ರಕ್ತ ದೊರೆಯಲೆಂದು ಪ್ರಾರ್ಥಿಸೋಣ.’ ಎಲ್ಲರೂ ಕಣ್ಣು ಮುಚ್ಚಿದರು. ರೂಪಾಲಿ ಎದ್ದು ನಡೆದಳು.

ಬಾಗಿಲಲ್ಲಿ ವಾರ್ಡನ್ ತಡೆದರು. ‘ಎಲ್ಲಿ ಹೊಂಟಿ?’

‘ರಕ್ತಾ ಕೊಡಾಕ್ರಿ. ನಂದೂ ಅದ ಗುಂಪ ಐತ್ರಿ.’

‘ಪ್ರಾರ್ಥನಾ ಮುಗೀಲಿ. ಸಂಜೀಕ ಹೋಗು.’

‘ಸಂಜೀತನಕ ಆಕಿ ಇರಬೇಕಲ್ರಿ!’

ಅವರ ಕೈ ಸರಿಸಿ ಹೊರಟವಳು, ಚಿಕ್ಕೋಡಿಯ ಬಸ್ಸು ಹಿಡಿದು ಹೋಗಿ ರಕ್ತ ಕೊಟ್ಟಳು. ಸುಂದರಾ ಉಳಿದಳು. ಹಾಸ್ಟೆಲ್‌ಗೆ ಮರಳಿದ ಮಗಳನ್ನು ಎದುರುಗೊಂಡದ್ದು ತಮ್ಮ ಆದೇಶ: ‘ಪವಿತ್ರ ಸಭೆಗೆ ಅಗೌರವ.’

ಕುಲಪತಿಗಳೇ, ತಾವು ದೇವರನ್ನು ಕೇಳಿದ್ದೇನು? ರಕ್ತ ತಾನೇ? ಆತ ಅಲ್ಲೇ, ಆಗಲೇ, ಹುಡುಗಿಯರ ಸಾಲಿನಿಂದಲೇ ಉತ್ತರ ಕಳಿಸಿದ. ತಾವು ಆ ಉತ್ತರಕ್ಕೆ ಗೇಟ್ ಪಾಸ್ ಕೇಳಿದಿರಿ. ಪರಮಾತ್ಮನೂ ಇನ್ನು ಮುಂದೆ ತಮ್ಮ ಕಚೇರಿಯ ಅನುಮತಿ ಪಡೆದೇ ಪವಾಡ ಮಾಡಬೇಕೋ?

ಮಗಳನ್ನು ಕರೆದುಕೊಂಡು ತಮ್ಮಲ್ಲಿಗೆ ಬಂದೆ. ‘ಭಾವನೆ ಒಳ್ಳೆಯದೇ, ಆದರೆ ಶಿಸ್ತು ಶಿಸ್ತೇ. ಎಲ್ಲರೆದುರು ಕ್ಷಮೆ ಕೇಳಲಿ’ ಎಂದಿರಿ.

‘ಯಾತರ ಸಲುವಾಗಿ ಕೇಳ್ಲಿರಿ? ರಕ್ತಾ ಕೊಟ್ಟದ್ದಕೋ, ಸಂಜೀತನಕ ಕಾಯದ್ದಕೋ?’ ಎಂದು ಅವಳು ಕೇಳಿದಳು. ಇಷ್ಟು ವಿದ್ಯೆಯ ತಾವು ನಮ್ಮನ್ನು ಹೊರಗೆ ಕಳಿಸಲು ಗಂಟೆ ಒತ್ತಿ ಜವಾನನನ್ನು ಕರೆದಿರಿ. ಅವಳು ಹೊರಬಂದು ಮೆಟ್ಟಿಲ ಮೇಲೆ ಕೂತು ಅತ್ತಳು. ನಾನು ತಮ್ಮಷ್ಟು ಕಲ್ಲಾಗಲಾರದೆ ಅವಳ ಪಕ್ಕ ಕೂತೆ.

ನಾಚಿಕೆಗೇಡು ಅಲ್ಲಿಗೇ ಮುಗಿದಿದ್ದರೆ ಒಳ್ಳೆಯದಿತ್ತು. ಆದರೆ ಸುಂದರಾ ಬದುಕಿದ್ದು ಪ್ರಾರ್ಥನಾ ದಿನದ ಫಲವೆಂದು ಸಾರಿ, ಕೃತಜ್ಞತಾ ಕೂಟದ ವೇದಿಕೆಗೆ ಅವಳನ್ನು ಗಾಲಿಕುರ್ಚಿಯಲ್ಲಿ ಕರೆತರಲು ಕಾರು ಕಳಿಸಿದಿರಿ. ಅವಳು ತಮ್ಮದೇ ಧರ್ಮದವಳು, ಊಟಕ್ಕೆ ಮುಂಚೆ ದೇವರ ನೆನೆಯದೆ ತುತ್ತು ಎತ್ತದವಳು. ಡ್ರೈವರ್‌ಗೆ ಆಕೆ ಹೇಳಿದ್ದು: ‘ಆ ಪೋರಿ ಹೊರಗಿರೂತನಕ ನಾ ಬರಂಗಿಲ್ಲ ಅಂತ ಹೇಳ್ರಿ. ದೇವ್ರು ನನ್ನ ಮನ್ಯಾಗೂ ಅದಾನ.’

ಕಾರು ಖಾಲಿ ಮರಳಿತು. ಅಂದೇ ಆಕೆ ಫೋನು ಮಾಡಿಸಿ ನನ್ನ ಮಗಳನ್ನು ತನ್ನ ಮನೆಗೆ ಕರೆಸಿಕೊಂಡಳು. ರೂಪಾಲಿ ಈಗ ಅಂಕಲಿಯಿಂದಲೇ ತರಗತಿಗೆ ಬರುತ್ತಾಳೆ. ತಮ್ಮ ಬೃಹತ್ ಕಟ್ಟಡಗಳಲ್ಲಿ ಸಿಗದ ಜಾಗ ಒಂದು ತಗಡಿನ ಮನೆಯಲ್ಲಿ ಸಿಕ್ಕಿದೆ.

ನನ್ನ ಬೇಡಿಕೆ ದೊಡ್ಡದಲ್ಲ. ಆದೇಶವನ್ನು ಅದೇ ಸಭಾಂಗಣದಲ್ಲಿ, ಅದೇ ಮೈಕಿನಲ್ಲಿ ಹಿಂತೆಗೆದುಕೊಳ್ಳಿ. ಆಮೇಲೆ ಖುದ್ದಾಗಿ ಅಂಕಲಿಗೆ ಬಂದು ರೂಪಾಲಿಯ ಟ್ರಂಕನ್ನು ಹಾಸ್ಟೆಲ್‌ಗೆ ಹೊತ್ತೊಯ್ಯಿರಿ. ಹೊಸ್ತಿಲಲ್ಲಿ ತಮ್ಮನ್ನು ಯಾರೂ ತಡೆಯುವುದಿಲ್ಲ, ಚಹಾ ಕೂಡ ಕೊಡುತ್ತಾರೆ. ಆ ಮನೆಯವರು ತಮ್ಮಷ್ಟು ಶಿಸ್ತಿನವರಲ್ಲ.

ಇಂತಿ,
ಮಗಳಿಗೆ ಕಾಯುವುದನ್ನು ಕಲಿಸದೆ ತಪ್ಪಿದ ತಂದೆ,
ಅಣ್ಣಾಸಾಬ, ದಿಗ್ಗೇವಾಡಿ