ಹನ್ನೊಂದು ಜನರಲ್ಲಿ ನಾನೇ ಯಾಕೆ?

ಸೆಪ್ಟೆಂಬರ್ ೩, ಮಂಗಳವಾರ. ಖ್ರೋನಿಂಗನ್.

ಕೋಣೆ ನನಗೇ ಅಂತೆ. ಅದೇ ತಲೆ ತಿನ್ನುತ್ತಿದೆ.

ನಿನ್ನೆ ಆ ವಿದ್ಯಾರ್ಥಿಗಳ ಮನೆಯಲ್ಲಿ ಬಾಡಿಗೆಗಿದ್ದ ಒಂದೇ ಒಂದು ಕೋಣೆಗಾಗಿ ಹನ್ನೊಂದು ಜನ ಸೇರಿದ್ದೆವು. ಮನೆಯವರು ಐವರೂ ಸೋಫಾದಲ್ಲಿ, ನಾವು ನೆಲದ ಮೇಲೆ. ಕೈಗೆ ಬಿಯರ್ ಕೊಟ್ಟು, ಹೆಣ್ಣು ನೋಡಲು ಬಂದವರ ಹಾಗೆ ಒಬ್ಬೊಬ್ಬರನ್ನೇ ಕೇಳಿದರು. ಉಳಿದವರು ನಗಿಸಿದರು, ಒಬ್ಬಳು ಹಾಡಿದಳು. ನಾನು ಹದಿನಾರಕ್ಕೆ ಶಾಲೆ ಬಿಟ್ಟು, ದಿನಾ ನಾಲ್ಕಕ್ಕೆ ಎದ್ದು ಬೇಕರಿಯಲ್ಲಿ ದುಡಿದೆ, ಇಪ್ಪತ್ತಾರಕ್ಕೆ ಮತ್ತೆ ಓದಲು ಬಂದೆ ಎಂದಷ್ಟೇ ಹೇಳಿದೆ.

"ಅಕ್ಕಾ, ಬೆಳಗ್ಗೆ ನಾಲ್ಕಕ್ಕೆ ಏಳ್ತಿದ್ದೆಯಾ? ನಮ್ಮನೇಲಿ ಅದು ಮಲಗೋ ಹೊತ್ತು!" ಎಂದ ಸೋಫಾದಲ್ಲಿದ್ದ ಐವರಲ್ಲೊಬ್ಬ, ಯೆಲ್ಮರ್. ಎಲ್ಲರೂ ನಕ್ಕರು.

ಅವನೇ ಇವತ್ತು ಫೋನ್ ಮಾಡಿದ. "ಐದು ಜನಾನೂ ನಿನ್ನ ಹೆಸರೇ ಹೇಳಿದ್ವಿ. ನಾಳೆ ಮಧ್ಯಾಹ್ನದೊಳಗೆ ಹೇಳ್ಬಿಡು."

ಐದು ಜನವೂ? ಇದರಲ್ಲೇನೋ ಇದೆ. ಅಡುಗೆಮನೆಯ ಪಾತ್ರೆಗಳಿಗೆ ಬೂಸು ಹಿಡಿದಿತ್ತು. ದುಡಿದವಳು, ತೊಳೆದುಹಾಕುತ್ತಾಳೆ ಎಂದುಕೊಂಡಿರಬೇಕು. ಮೊದಲಿದ್ದವಳು ಎರಡೇ ತಿಂಗಳಿಗೆ ಬಿಟ್ಟಳಂತೆ. ಯಾಕೆಂದು ಕೇಳಿದರೆ ಮಾತು ಬದಲಿಸಿದರು.

ಬೇಡವೆಂದರೆ ಚಿಕ್ಕಮ್ಮನ ಮನೆಯಿಂದ ದಿನಾ ನಾಲ್ಕು ಗಂಟೆ ರೈಲು. ಓದು ಮತ್ತೆ ನಿಲ್ಲುತ್ತದೆ, ನನಗೆ ಗೊತ್ತು.

ನಾನು ಅವರಿಗೆ ಇಷ್ಟವಾಗಿರಲೂಬಹುದು. ಅದೊಂದನ್ನು ಮಾತ್ರ ನಂಬಲಾಗುತ್ತಿಲ್ಲ.

ಈಗಷ್ಟೇ ಹೂಂ ಎಂದು ಬರೆದು ಕಳಿಸಿದೆ. ಯೆಲ್ಮರ್ ಓದಿದ್ದಾನೆಂದು ಫೋನ್ ತೋರಿಸುತ್ತಿದೆ. ಹತ್ತು ನಿಮಿಷವಾಯಿತು. ಯಾಕೆ ಏನೂ ಬರೆಯುತ್ತಿಲ್ಲ, ಇಷ್ಟರಲ್ಲೇ ಮನಸ್ಸು ಬದಲಾಯಿಸಿಬಿಟ್ಟರೇ?