ಕೈ ಬಿಡಬ್ಯಾಡ್ರಿ ಮೇಡಂ

ಚಿತ್ತವಾಡ್ಗಿ, ಹೊಸಪೇಟೆ
9-11-2025, ಭಾನುವಾರ

ಪ್ರೀತಿಯ ಗಾಯತ್ರಕ್ಕಾ,

ಹೇಗಿದ್ದೀಯೆ? ಸಂಡೂರಿನ ಚಳಿ ನಿನಗೆ ಆಗಿಬರುವುದಿಲ್ಲ, ಕೆಮ್ಮು ಬಂದರೆ ಹಾಗೇ ಬಿಡಬೇಡ. ಹಾಸ್ಟೆಲಿನ ಆ ದೊಡ್ಡ ಪಾತ್ರೆಗಳನ್ನು ಒಬ್ಬಳೇ ಎತ್ತಬೇಡ, ಮೊದಲೇ ನಿನ್ನ ಸೊಂಟ ಸರಿಯಿಲ್ಲ. ಕಡ್ಡಿರಾಂಪುರದಲ್ಲಿ ಅವ್ವ ಗಟ್ಟಿಮುಟ್ಟಾಗಿದ್ದಾಳೆ. ಹೋಂಸ್ಟೇ ಅಡುಗೆಮನೆಯಲ್ಲಿ ಈಗ ಅವಳದೇ ದರ್ಬಾರು. ಅವಳು ರೊಟ್ಟಿ ಬಡಿಯುವುದನ್ನು ಫಾರಿನ್ನಿನವರು ವಿಡಿಯೋ ಮಾಡಿಕೊಳ್ಳುತ್ತಾರೆ. ಇವಳು ಸೆರಗು ಸರಿಮಾಡಿಕೊಂಡು ಇನ್ನೂ ಜೋರಾಗಿ ಬಡಿಯುತ್ತಾಳೆ. ನನ್ನವರು ಎರಡು ಸಲ ಆಟೋದಲ್ಲಿ ನನ್ನನ್ನು ನಿನ್ನ ಹಾಸ್ಟೆಲಿನವರೆಗೂ ಕರೆತಂದರು. ಎರಡು ಸಲವೂ ನೀನು ಗೇಟಿಗೆ ಬರಲಿಲ್ಲ. ಫೋನ್ ನಂಬರನ್ನೂ ಬದಲಿಸಿಬಿಟ್ಟೆ. ಅದಕ್ಕೇ ಈ ಕಾಗದ. ಹರಿಯುವುದಿದ್ದರೆ ಪೂರ್ತಿ ಓದಿದ ಮೇಲೆ ಹರಿ.

ಮೊದಲು ನನ್ನ ಸುಳ್ಳನ್ನು ಒಪ್ಪಿಕೊಳ್ಳುತ್ತೇನೆ. ಕಂಪ್ಲಿಯ ಕ್ಲಿನಿಕ್ಕಿನಲ್ಲಿ ಕೆಲಸ ಮಾಡುತ್ತಿದ್ದೇನೆ ಎಂದು ಅವ್ವನ ಕೈಯಲ್ಲಿ ನಿನಗೆ ಹೇಳಿ ಕಳಿಸಿದ್ದೆನಲ್ಲ, ಅದು ಸುಳ್ಳು. ಹದಿನಾಲ್ಕು ತಿಂಗಳಿಂದ ನಿನ್ನನ್ನು ಹೊರಗೆ ಹಾಕಿದ ಅದೇ ಆಸ್ಪತ್ರೆಯಲ್ಲಿ ನಾನಿದ್ದೇನೆ, ಅದೇ ಐಸಿಯುನಲ್ಲಿ, ಅದೇ ಹೇಮಾ ಮೇಡಂ ಕೈಕೆಳಗೆ. ನೀನು ಅಲ್ಲಿದ್ದಾಗ ನಾನು ಬಳ್ಳಾರಿಯಲ್ಲಿ ಓದುತ್ತಿದ್ದೆ, ನನ್ನ ಮುಖ ಅಲ್ಲಿ ಯಾರಿಗೂ ಗೊತ್ತಿರಲಿಲ್ಲ. ನನ್ನವರ ಹೆಸರು ಸೇರಿಸಿ, ತುಳಸಿ ಮಾರೇಶ್ ಎಂದು ಹೇಳಿ ಸೇರಿಕೊಂಡೆ. ಅವಳಿಗೆ ಟೀ ತಂದುಕೊಟ್ಟೆ, ಅವಳ ಸೀರೆ ಹೊಗಳಿದೆ. ನಕ್ಕಾಗಲೆಲ್ಲ ಒಳಗೆ ಹಲ್ಲು ಕಡಿಯುತ್ತಿದ್ದೆ. ನರ್ಸಿಂಗ್ ಸೂಪರಿಂಟೆಂಡೆಂಟ್ ಎಂಬ ಬೋರ್ಡಿನ ಕೆಳಗೆ ಅವಳು ನಿರಾಳವಾಗಿ ಕುಳಿತಿರುವುದನ್ನು ಕಂಡಾಗಲೆಲ್ಲ, ಹನ್ನೊಂದು ವರ್ಷ ಐಸಿಯು ನಡೆಸಿದ ನನ್ನಕ್ಕ ಈ ಹೊತ್ತಿಗೆ ಹಾಸ್ಟೆಲಿನಲ್ಲಿ ಈರುಳ್ಳಿ ಹೆಚ್ಚುತ್ತಿದ್ದಾಳೆ ಎಂದು ಹೊಟ್ಟೆ ಉರಿಯುತ್ತಿತ್ತು. ಆ ಉರಿಯನ್ನು ಆರಲು ನಾನು ಬಿಡಲಿಲ್ಲ.

ನೀನು ಯಾರಿಗೂ ಏನನ್ನೂ ಬಿಡಿಸಿ ಹೇಳದೆ ಹೊರಟುಹೋದೆ. ಅವ್ವನಿಗೆ ಕೊನೆಗೆ ನಾನೇ ತಿಳಿಸಿ ಹೇಳಬೇಕಾಯಿತು. ಉಸಿರಾಡಲಾಗದವರಿಗೆ ಕುತ್ತಿಗೆಯಲ್ಲಿ ತೂತು ಮಾಡಿ ಒಂದು ಟ್ಯೂಬು ಇಡುತ್ತಾರೆ, ಅದು ಜಾರದ ಹಾಗೆ ಕುತ್ತಿಗೆಯ ಸುತ್ತ ಬಟ್ಟೆಯ ಟೇಪು ಕಟ್ಟುತ್ತಾರೆ, ಟೇಪು ಬದಲಿಸುವಾಗ ಒಬ್ಬರು ಟ್ಯೂಬನ್ನು ಹಿಡಿದೇ ಇರಬೇಕು, ಇನ್ನೊಬ್ಬರು ಕಟ್ಟಬೇಕು ಎಂದೆ. ತೂತು ಹೊಸದಾಗಿದ್ದಾಗ ಟ್ಯೂಬು ಹೊರಬಂದರೆ ದಾರಿ ಮುಚ್ಚಿಕೊಳ್ಳುತ್ತದೆ, ಮತ್ತೆ ಕೂರಿಸುವುದು ಕಷ್ಟ ಎಂದೆ. ಅವ್ವ, "ಲಂಗದ ಲಾಡಿಯಂಥದ್ದು ಒಂದು ದಾರ. ಅದಕ್ಕ ಅಂವನ ಜೀವ ಹೋತು, ನನ್ನ ಮಗಳ ಬಾಳೂ ಹೋತಲ್ಲ" ಎಂದಳು. ಮೆಟ್ರಿಯ ಟಿಪ್ಪರ್ ಡ್ರೈವರ್ ಹೊನ್ನೂರುಸ್ವಾಮಿಯ ಟ್ಯೂಬು ಬಿದ್ದು ಜೀವ ಹೋದ ದಿನ ಚಾರ್ಟಿನಲ್ಲಿ "9.40, ಟೇಪು ಬದಲಿಸಿದವರು ಗಾಯತ್ರಿ" ಎಂದು ಬರೆದಿತ್ತು. ಅಕ್ಷರ ಹೇಮಾಳದು. ಎಲ್ಲರೂ ಅದನ್ನೇ ನಂಬಿದರು.

ನಾನು ನಂಬಲಿಲ್ಲ. ಕೆಲಸಕ್ಕೆ ಸೇರಿದ ಮೂರನೇ ತಿಂಗಳಲ್ಲಿ ಎದುರಿನ ಸ್ಕ್ಯಾನಿಂಗ್ ಸೆಂಟರಿನ ಹಳೇ ರಿಜಿಸ್ಟರು ನೋಡಿದೆ. ಆ ದಿನ ಬೇರೊಬ್ಬ ರೋಗಿಯನ್ನು ಕರೆದುಕೊಂಡು 9.25ಕ್ಕೆ ನೀನು ಅಲ್ಲಿಗೆ ಹೋಗಿ 10.10ಕ್ಕೆ ಮರಳಿದ್ದಕ್ಕೆ ನಿನ್ನದೇ ಸಹಿ ಇದೆ. ಅದರ ಫೋಟೋ ತೆಗೆದುಕೊಂಡೆ. ಆಮೇಲೆ ಮೆಟ್ರಿಗೆ ಹೋದೆ. ಹೊನ್ನೂರುಸ್ವಾಮಿಯ ಹೆಂಡತಿ ಸುಂಕಮ್ಮ ಭತ್ತದ ಗದ್ದೆಯಲ್ಲಿ ಕಳೆ ಕೀಳುತ್ತಿದ್ದಳು. ನಾನು ಯಾರೆಂದು ತಿಳಿದಾಗ ಬೈಯುತ್ತಾಳೆ ಎಂದುಕೊಂಡಿದ್ದೆ. ಅವಳು ಕೆಸರು ಕೈಯಲ್ಲೇ ಬದುವಿನ ಮೇಲೆ ಕುಳಿತು ಹೇಳಿದಳು: "ಕನ್ನಡಕದ ಮೇಡಮ್ಮೇ ಕತ್ತರಿ ಹಾಕಿದ್ದು. ಕಣ್ಣಾರೆ ನೋಡೀನವ್ವ. ನಿಮ್ಮಕ್ಕ ಆಗ ಅಲ್ಲಿರ್ಲೇ ಇಲ್ಲ. ಒಬ್ಬಾಕೇ ಜಲ್ದಿ ಜಲ್ದಿ ಕಟ್ಟಿ ಹೋದ್ಲು. ಸ್ವಲ್ಪ ಹೊತ್ತಿಗೆ ಇವ್ರಿಗೆ ಕೆಮ್ಮು ಬಂತು, ಆ ನಳಿಗೆ ಎದಿ ಮ್ಯಾಲ ಬಿತ್ತು. ನನ್ನ ಯಾರೂ ಕೇಳ್ಲೇ ಇಲ್ಲ. ಕೇಳಿದ್ರ ಹೇಳ್ತಿದ್ದಿಲ್ಲೇನು?" ಎರಡು ವರ್ಷ, ಅಕ್ಕಾ. ನೋಡಿದವಳು ಮೆಟ್ರಿಯಲ್ಲೇ ಇದ್ದಳು.

ಆದರೂ ನಾನು ತಕ್ಷಣ ಬಾಯಿ ಬಿಡಲಿಲ್ಲ. ನನಗೆ ನ್ಯಾಯ ಮಾತ್ರ ಸಾಕಾಗಿರಲಿಲ್ಲ. ಹೇಮಾ ನನ್ನ ಕಣ್ಣೆದುರು ಬೆವರುವುದನ್ನು ನೋಡಬೇಕಿತ್ತು.

ಕಳೆದ ವಾರ ಅವಳ ಗಂಡ ವಿರುಪಾಕ್ಷಪ್ಪನನ್ನು ತಂದು ನಮ್ಮಲ್ಲೇ ಸೇರಿಸಿದರು. ಹಲ್ಲಿನ ಸೋಂಕು ಕುತ್ತಿಗೆಗೆ ಇಳಿದು, ಗಂಟಲು ಬಾತು, ಉಸಿರೇ ಕಟ್ಟಿತ್ತು. ಕುತ್ತಿಗೆಯಲ್ಲಿ ಟ್ಯೂಬು ಹಾಕಿದರು. ಪ್ರಜ್ಞೆ ಪೂರ್ತಿ ಇದೆ, ಮಾತಿಲ್ಲ. ಬೇಕಾದ್ದನ್ನು ಸ್ಲೇಟಿನ ಮೇಲೆ ಬರೆದು ತೋರಿಸುತ್ತಾನೆ. ನಾಲ್ಕನೆಯ ದಿನ, ಗುರುವಾರ ಬೆಳಿಗ್ಗೆ, ಟೇಪು ಕಫದಿಂದ ಒದ್ದೆಯಾಗಿತ್ತು. ಹೇಮಾ ಮೇಡಂ ಹೊರಗೆ ಕಾರಿಡಾರಿನಲ್ಲಿದ್ದಳು. ಕರೆದೆ. ಪಕ್ಕದ ಬೆಡ್ಡಿನ ಹತ್ತಿರ ನಮ್ಮ ಸ್ಟಾಫ್ ನರ್ಸ್ ಮೌನೇಶ್ ಆಗತಾನೇ ಬಂದಿದ್ದ. ಅವನಿಗೂ ಕೇಳಲಿ ಎಂದು ದನಿಯೆತ್ತಿ, "ಮೇಡಂ, ಸಾಹೇಬರ ಟೇಪು ಒದ್ದೆ ಆಗೇತ್ರಿ. ನಾ ಒಬ್ಬಾಕೇ ಬದಲಾಯಿಸ್ಲೇನ್ರಿ?" ಎಂದೆ. ಅವಳು ಓಡಿಬಂದು, "ಹುಚ್ಚಿ ಏನ್ ನೀನು? ನಾಕು ದಿನದ ತೂತು ಅದು. ಒಬ್ಬರೇ ಎಂದೂ ಬಿಚ್ಚಬಾರ್ದು. ನಾ ಹಿಡ್ಕೊಂತೀನಿ, ನೀ ಕಟ್ಟು" ಎಂದಳು. "ಮೌನೇಶಣ್ಣ, ಮೇಡಂ ಹೇಳಿದ್ದು ಕೇಳಿಸ್ತಾ?" ಎಂದೆ. ಅವನು ಹೂಂ ಎಂದ.

ಅವಳು ಟ್ಯೂಬಿನ ಎರಡೂ ಬದಿಯನ್ನು ಬೆರಳಿನಿಂದ ಒತ್ತಿ ಹಿಡಿದಳು. ಹಳೇ ಟೇಪು ಇರುವಾಗಲೇ ಹೊಸದನ್ನು ಪೋಣಿಸಿಕೊಳ್ಳಬಹುದಿತ್ತು. ನಾನು ಬೇಕೆಂದೇ ಹಳೆಯದನ್ನು ಮೊದಲು ಕತ್ತರಿಸಿದೆ. ಈಗ ಅವಳ ಗಂಡನ ಉಸಿರು ಅವಳ ಬೆರಳುಗಳಲ್ಲಿತ್ತು. ಆಗ ಮೆಲ್ಲಗೆ ಕೇಳಿದೆ: "ಗಾಯತ್ರಿ ನೆನಪದಾಳೇನ್ರಿ, ಮೇಡಂ?" ಅವಳು ತಲೆಯೆತ್ತಲಿಲ್ಲ. "ಯಾವ ಗಾಯತ್ರಿ?" ಎಂದಳು. "ಹೊನ್ನೂರುಸ್ವಾಮಿ ಸತ್ತಾಗ ನೀವು ಹೆಸರು ಬರೆದ್ರಲ್ಲ, ಆ ಗಾಯತ್ರಿ. ನಾ ಆಕಿ ತಂಗಿ." ಅವಳು ತಟ್ಟನೆ ನನ್ನತ್ತ ತಿರುಗಿದಳು, ಟ್ಯೂಬು ಅಲುಗಿತು. ವಿರುಪಾಕ್ಷಪ್ಪ ಕೆಮ್ಮಿದ. "ಕೈ ಬಿಡಬ್ಯಾಡ್ರಿ ಮೇಡಂ. ಬಿಟ್ರ ಏನಾಗ್ತೈತಿ ಅಂತ ನಿಮಗಿಂತ ಚೆನ್ನಾಗಿ ಯಾರಿಗೆ ಗೊತ್ತು?" ಎಂದೆ.

ಸ್ಕ್ಯಾನಿಂಗ್ ಸೆಂಟರಿನ ಸಹಿ, ಸುಂಕಮ್ಮನ ಮಾತು, ಎಲ್ಲವನ್ನೂ ಒಂದೊಂದಾಗಿ ಹೇಳಿದೆ. ಹೇಳುತ್ತ ಹೇಳುತ್ತ ನಿಧಾನವಾಗಿ ಟೇಪು ಪೋಣಿಸಿದೆ. ಎರಡು ನಿಮಿಷದ ಕೆಲಸವನ್ನು ಎಂಟು ನಿಮಿಷ ಎಳೆದೆ. ಅವಳ ಹಣೆಯಿಂದ ಬೆವರು ಇಳಿದು ಕನ್ನಡಕ ಮೂಗಿನ ತುದಿಗೆ ಜಾರಿತು, ಎತ್ತಿಕೊಳ್ಳಲು ಕೈ ಖಾಲಿಯಿರಲಿಲ್ಲ. ನನಗೆ ಹಿತವಾಯಿತು. ನಿನಗೆ ಸುಳ್ಳು ಹೇಳಿ ಪ್ರಯೋಜನವಿಲ್ಲ, ಬಹಳ ಹಿತವಾಯಿತು. "ರೌಂಡ್ಸಿಗೆ ದೊಡ್ಡ ಡಾಕ್ಟರು ಬರೋರಿದ್ರು... ಅವಸರ ಆತು ತುಳಸಿ... ಬರೆಯೋವಾಗ ಕೈಗೆ ಯಾರ ಹೆಸರು ಬಂತೋ ಅದನ್ನ ಬರೆದೆ" ಎಂದು ಅವಳು ಅಳತೊಡಗಿದಳು. ಕೈಗೆ ಬಂದ ಹೆಸರಂತೆ! ಆಮೇಲೆ ಅವನ ತಲೆಯನ್ನು ಮುಂದಕ್ಕೆ ಬಾಗಿಸಿ, ಟೇಪಿನೊಳಗೆ ಒಂದೇ ಬೆರಳು ಹೋಗುವಷ್ಟು ಸಡಿಲ ಬಿಟ್ಟು, ಕುತ್ತಿಗೆಯ ಪಕ್ಕಕ್ಕೆ ಬಿಗಿಯಾಗಿ ಮೂರು ಗಂಟು ಹಾಕಿದೆ. ನೀನು ದಿಂಬಿಗೆ ಕಟ್ಟಿಸಿ ನನಗೆ ಕಲಿಸಿದ ಹಾಗೆಯೇ. "ಈಗ ಬಿಡ್ರಿ" ಎಂದೆ. ಅವಳ ಬೆರಳುಗಳು ಮಡಚಿದಲ್ಲೇ ಸೆಟೆದುಕೊಂಡಿದ್ದವು.

ವಿರುಪಾಕ್ಷಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸ್ಲೇಟಿಗೆ ಕೈ ಚಾಚಿ ಬರೆದು ಹೆಂಡತಿಗೆ ತೋರಿಸಿದ: "ನೀನು ಬರೆದು ಕೊಡು. ಇಲ್ಲದಿದ್ದರೆ ನಾನು ಬರೆಯುತ್ತೇನೆ." ಮಧ್ಯಾಹ್ನದೊಳಗೆ ಅವಳು ಮೂರು ಪುಟ ಬರೆದು ಸಹಿ ಹಾಕಿದಳು. ಸಾಕ್ಷಿಗೆ ಮೌನೇಶ್ ಸಹಿ ಹಾಕಿದ. ನಕಲು ಇದರ ಜೊತೆಗಿದೆ, ಅಸಲು ನರ್ಸಿಂಗ್ ಕೌನ್ಸಿಲಿಗೆ ಹೋಗಿದೆ. ಮೇಡಂ ಅಂದೇ ಬೀಗದ ಕೈ ಒಪ್ಪಿಸಿ ಮನೆಗೆ ಹೋದಳು. ಮಾರೇಶ್ "ಇಷ್ಟು ಸಾಕು ಬಿಡು" ಎನ್ನುತ್ತಾರೆ. ನನಗೆ ಸಾಕಿಲ್ಲ. ವಿಚಾರಣೆಯಲ್ಲಿ ಅವಳು ಎಲ್ಲರೆದುರು ಎದ್ದು ನಿಂತು, ನಿನ್ನ ಮುಖ ನೋಡಿ, ಅದೇ ಮಾತನ್ನು ಬಾಯಿಬಿಟ್ಟು ಹೇಳಬೇಕು. ಆಸ್ಪತ್ರೆಯವರು ಇದೇ ಇಪ್ಪತ್ತನಾಲ್ಕಕ್ಕೆ ವಿಚಾರಣೆ ಕರೆದಿದ್ದಾರೆ. ಸುಂಕಮ್ಮ ಬರುತ್ತೇನೆ ಎಂದಿದ್ದಾಳೆ. ನೀನು ಬಾರದಿದ್ದರೆ ಹೇಮಾ ಖಾಲಿ ಕುರ್ಚಿ ನೋಡಿ ಹೇಳಿ ತಪ್ಪಿಸಿಕೊಳ್ಳುತ್ತಾಳೆ.

ಕಾಗದವನ್ನು ಮಾರೇಶ್ ಹಾಸ್ಟೆಲಿನ ಗೇಟಿನಲ್ಲಿ ಕೊಟ್ಟುಹೋಗುತ್ತಾರೆ. ಜೊತೆಗೆ ಅವ್ವ ಶೇಂಗಾ ಚಟ್ನಿಪುಡಿ ಕಟ್ಟಿಕೊಟ್ಟಿದ್ದಾಳೆ. ಅವಳ ಆಶೀರ್ವಾದವೆಲ್ಲ ಅದರಲ್ಲೇ ಇದೆ ಎಂದು ತಿಳಿ. ಹೊತ್ತಿಗೆ ಸರಿಯಾಗಿ ಊಟ ಮಾಡು.

ನಿನ್ನ ತಂಗಿ,
ತುಳಸಿ

ಮರೆತದ್ದು: ಮರೆತದ್ದಲ್ಲ, ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಗುರುವಾರ ಹೇಮಾಳನ್ನು ಕರೆಯುವ ಮೊದಲು ನಾನು ಹತ್ತು ನಿಮಿಷ ವಿರುಪಾಕ್ಷಪ್ಪನ ಬಳಿ ಒಬ್ಬಳೇ ಇದ್ದೆ. ಕತ್ತರಿ ಟೇಪಿನೊಳಗೆ ಹೋಗಿತ್ತು, ಹಿಡಿಯುವವರು ಯಾರೂ ಇರಲಿಲ್ಲ. ಅವಳದೂ ಒಂದು ಮನೆ ಹಾಳಾಗಲಿ ಎಂದು ಮನಸ್ಸು ಹೇಳುತ್ತಿತ್ತು. ಟೇಪು ಬದಲಿಸಲು ಬಂದಿದ್ದಾಳೆ ಎಂದುಕೊಂಡು ಅವನು ನನಗೆ ಅನುಕೂಲವಾಗಲಿ ಎಂದು ಗದ್ದ ಮೇಲೆತ್ತಿ ಕಣ್ಣು ಮುಚ್ಚಿದ. ಆಗ ಕತ್ತರಿ ಹೊರಗೆಳೆದೆ, ಆಮೇಲೆ ಕರೆದೆ. ಇದು ಮಾರೇಶರಿಗೆ ಗೊತ್ತಿಲ್ಲ, ಅವ್ವನಿಗೂ ಗೊತ್ತಿಲ್ಲ. ಗುರುವಾರದಿಂದ ನಾನು ಯಾವ ರೋಗಿಯ ಟೇಪನ್ನೂ ಮುಟ್ಟಿಲ್ಲ, ಕೈ ಮುಂದಕ್ಕೆ ಬರುವುದಿಲ್ಲ. ವಿಚಾರಣೆಗೆ ಬರದಿದ್ದರೂ ಪರವಾಗಿಲ್ಲ ಅಕ್ಕಾ. ನನಗಾಗಿ ಬಾ. ನಾಳೆಯೇ ಬಾ.