ಪ್ರಸನ್ನನಿಂದ ನೀವು ತೆಗೆದುಕೊಂಡ ಮಾತು

ಪ್ರೀತಿಯ ಅಪ್ಪ,

ನಿಮ್ಮ ಮೇಲೆ ಸಿಟ್ಟಿದೆ ಎಂಬುದೊಂದನ್ನು ಬಿಟ್ಟು ಮಿಕ್ಕಿದ್ದೆಲ್ಲ ಬರೆಯೋಣವೆಂದಿದ್ದೆ. ಬರೆಯಲು ಕೂತರೆ ಮಿಕ್ಕಿದ್ದೇನೂ ಇರಲಿಲ್ಲ.

ತಮ್ಮನಿಗೆ ಬೆನ್ನುನೋವಿನ ಮಾತ್ರೆಯೇ ಚಟವಾಗಿ, ಡಾಕ್ಟರು ಚಿಕಿತ್ಸೆ ಶುರು ಮಾಡಿದ ದಿನ ನೆನಪಿದೆಯೇ? ಹಳೆಯ ಮಾತ್ರೆಯ ಅಮಲು ಇಳಿದು ಮೈನಡುಕ ಬರುವವರೆಗೆ ಕಾಯಿಸಿ, ಚಟ ಬಿಡಿಸುವ ಹೊಸ ಮಾತ್ರೆಯನ್ನು ಅವನ ನಾಲಿಗೆಯಡಿ ಇಡಿಸಿದರು. ಕರಗುವ ತನಕ ನುಂಗಬಾರದು, ಏನೂ ಕುಡಿಯಬಾರದು ಎಂದರು. ಸಂಜೆ ಪ್ರಸನ್ನ ನಗುತ್ತಿದ್ದ. ದಿನಾ ಕೈಯಾರೆ ಕೊಡುವ ಹೊಣೆಯನ್ನು ನೀವೇ ಕೇಳಿ ಪಡೆದಿರಿ.

ಕೊಟ್ಟದ್ದು ಹೇಗೆ? ಫತೇಗಂಜ್ ಬಡಾವಣೆಯ ನಮ್ಮ ಹೋಟೆಲಿನಲ್ಲಿ, ಗಲ್ಲಾದ ಪಕ್ಕ ಕೂರಿಸಿ. "ಖಾಲಿ ಹೊಟ್ಟೆಗೆ ಮಾತ್ರೆ ತಗೊಳ್ಳುದುಂಟಾ? ಮೊದ್ಲು ತಿಂಡಿ ತಿನ್ನು ಮಾರಾಯ, ಮತ್ತೆ ಕಾಫಿಯಲ್ಲಿ ನುಂಗು."

"ನಾಲಿಗೆ ಅಡಿಯಲ್ಲಿ ಇಡ್ಬೇಕಂತೆ ಅಪ್ಪ."

"ಕಹಿ ಬಾಯಲ್ಲಿಟ್ಕೊಂಡು ಎಂತ ಮಾಡ್ತಿ?"

ಅವನು ನುಂಗಿದ. ಚಟ ಹಿಡಿದವನ ಮಾತಿಗೆ ನಮ್ಮ ಮನೆಯಲ್ಲಿ ಬೆಲೆ ಎಲ್ಲಿತ್ತು? ಹೊಟ್ಟೆಗಿಳಿದರೆ ಆ ಮಾತ್ರೆಯ ಬಲ ಬಹುಪಾಲು ವ್ಯರ್ಥ. ಬೆವರು, ನಡುಕ ಮರಳಿತು. ಡೋಸ್ ಸಾಲದೇನೋ, ಡಾಕ್ಟರನ್ನು ಕೇಳೋಣ ಎಂದೆ. "ಕೇಳುದೆಂತ? ಒಂದು ಚಟ ಬಿಡ್ಸಿ ಇನ್ನೊಂದು ಹಿಡಿಸ್ತಾರೆ" ಅಂದಿರಿ. ನಾನು ಅಹಮದಾಬಾದಿನಿಂದ ಫೋನಿನಲ್ಲೇ "ಸರಿ ಅಪ್ಪ" ಅಂದೆ. ರೈಲಿನಲ್ಲಿ ಎರಡು ಗಂಟೆಯ ದಾರಿ. ಒಮ್ಮೆ ಬಂದು ನೋಡಿದ್ದರೆ... ಈ ಸಿಟ್ಟಿನಲ್ಲಿ ನನ್ನ ಪಾಲೆಷ್ಟು?

ಆಸ್ಪತ್ರೆಯಲ್ಲಿ ನಿಮ್ಮ ಕೊನೆಯ ವಾರ, ನೀವು ಅವನ ಕೈ ಹಿಡಿದು, "ನನ್ನ ವರ್ಷದ ತಿಥಿಯೊಳಗೆ ಎಲ್ಲ ಮಾತ್ರೆ ನಿಲ್ಸು" ಎಂದು ಮಾತು ತೆಗೆದುಕೊಂಡಿರಿ. ಸಾಯುವವರು ಕೇಳಿದರೆ ಯಾರು ಇಲ್ಲವೆನ್ನುತ್ತಾರೆ?

ನಿಮಗೆ ತಿಳಿಯದ್ದು ಇದು. ನೀವು ಹೋದ ಮೇಲೆ ಅವನು ತಾನಾಗಿಯೇ ಡಾಕ್ಟರ ಬಳಿ ಹೋದ. ಮಾತ್ರೆ ಇಡುವ ಕ್ರಮ ತಿದ್ದಿ, ಕೆಲವು ದಿನಕ್ಕೊಮ್ಮೆ ಕರೆದು ನೋಡಿ, ಡೋಸನ್ನು ಸ್ವಲ್ಪ ಸ್ವಲ್ಪವೇ ಏರಿಸಿ ಒಂದು ಹದಕ್ಕೆ ನಿಲ್ಲಿಸಿದರು. ಈಗ ಅದೇ ಊರಿನ ಮಕರಪುರದ ಮೋಟರ್ ಕಾರ್ಖಾನೆಯಲ್ಲಿ ಕೆಲಸ. ನಿದ್ದೆ ಬರುತ್ತದೆ.

ಮೊನ್ನೆ ಫೋನ್ ಮಾಡಿದ್ದ. "ಅಕ್ಕ, ತಿಥಿ ಬಂತಲ್ಲ. ಮಾತ್ರೆ ಬಂದ್ ಮಾಡ್ತೇನೆ."

"ಡಾಕ್ಟರು ಎಂತ ಹೇಳಿದ್ರು?"

"ಈಗ ಬೇಡ, ಹಳೇದಕ್ಕೆ ತಿರುಗ್ತಿ ಅಂದ್ರು. ಆದ್ರೆ ಅಪ್ಪನಿಗೆ ಮಾತು ಕೊಟ್ಟಿದ್ದೇನಲ್ಲ..."

ಆ ಮಾತು ಕೇಳುವ ಹಕ್ಕು ನಿಮಗಿರಲಿಲ್ಲ ಅಪ್ಪ. ನಿಮ್ಮ ಮಗಳಾಗಿ ಅದನ್ನು ಅವನಿಗೆ ಹಿಂತಿರುಗಿಸುತ್ತಿದ್ದೇನೆ. ಈ ಕಾಗದದ ಲಕೋಟೆಯ ಮೇಲೆ ಅವನ ವಿಳಾಸವಿದೆ. ತಿಥಿ ಇಪ್ಪತ್ತೆರಡಕ್ಕೆ. ಅಷ್ಟರೊಳಗೆ ಅವನ ಕೈಸೇರಲೆಂದು ಹದಿನೇಳನೇ ತಾರೀಖು, ಸೋಮವಾರ, ಪೋಸ್ಟ್ ಮಾಡುತ್ತೇನೆ.